ಗಡ್ಡೆಗೂ ಮನೋರೋಗಕ್ಕೂ ಒಂದೇ ಗೇಟು

ಬಿಕ್ಕೋಡಿನ ಕಡೆ ಬೇಸಿಗೆಯ ಮೊದಲ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟಗಳು ಬೆಳ್ಳಗೆ ಹೂ ಬಿಡುತ್ತವೆ. ಆ ವಾಸನೆ ಮನೆಯೊಳಗೂ ಬರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಮ್ಮ ಒಬ್ಬರು ‘ಈ ಸಲ ಹೂವಿಗೆ ವಾಸನೆಯೇ ಇಲ್ಲ’ ಎಂದಿದ್ದರು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅವರ ಸ್ವಭಾವವೇ ಬದಲಾಗಿತ್ತು. ಒಲೆ ಹಚ್ಚಿ ಮರೆಯುತ್ತಿದ್ದರು, ಬಂದವರ ಮುಂದೆ ಸಂಕೋಚವಿಲ್ಲದೆ ಏನೇನೋ ಮಾತಾಡುತ್ತಿದ್ದರು. ಮನೆಯವರು ಶಾಸ್ತ್ರ ಕೇಳಿಸಿದರು, ಹರಕೆ ಹೊತ್ತರು. ಕೊನೆಗೊಂದು ದಿನ ಫಿಟ್ಸ್ ಬಂತು. ಹಾಸನದಲ್ಲಿ ಸ್ಕ್ಯಾನ್ ನೋಡಿದ ವೈದ್ಯರು ಮೆದುಳಿನಲ್ಲಿ ಗಡ್ಡೆಯಿದೆ ಎಂದು ನಿಮ್ಹಾನ್ಸ್‌ಗೆ ಬರೆದುಕೊಟ್ಟರು. ದೊಡ್ಡಪ್ಪ ಕೇಳಿದ್ದು ಒಂದೇ ಮಾತು: ‘ಅದು ಹುಚ್ಚಾಸ್ಪತ್ರೆ ಅಲ್ವೇನಪ್ಪಾ?’ ಹೊರಡಲು ಮೂರು ವಾರ ಹಿಡಿಯಿತು.

ದೊಡ್ಡಪ್ಪನ ಮಾತಿಗೆ ಚರಿತ್ರೆಯಲ್ಲಿ ಆಧಾರವಿದೆ. ನಿಮ್ಹಾನ್ಸ್‌ನ ಬೇರು 19ನೇ ಶತಮಾನದ ಬೆಂಗಳೂರಿನ ಹುಚ್ಚರ ಆಶ್ರಯದಲ್ಲಿದೆ. 1925ರಲ್ಲಿ ಅದರ ಹೆಸರು ಮೈಸೂರು ಸರ್ಕಾರದ ಮೆಂಟಲ್ ಹಾಸ್ಪಿಟಲ್ ಎಂದಾಯಿತು. 1930ರ ದಶಕದಲ್ಲಿ ಅದು ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1958ರಲ್ಲಿ ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ ಅಲ್ಲಿಗೆ ಬಂದು ಆ ವಿಭಾಗವನ್ನು ಕಟ್ಟಿದರು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ‘ಮಾನಸಿಕ ಆರೋಗ್ಯ’ದ ಜೊತೆ ‘ನರವಿಜ್ಞಾನ’ವೂ ಅದರ ಹೆಸರಿನಲ್ಲಿ ಸೇರಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು.

ಆದರೆ ಈ ಎರಡು ವಿದ್ಯೆಗಳು ಒಂದೇ ಆವರಣದಲ್ಲಿ ಇರಬೇಕಾದ ಕಾರಣ ದೊಡ್ಡಮ್ಮನ ಕಾಯಿಲೆಯಲ್ಲೇ ಇತ್ತು. ಹಣೆಯ ಹಿಂದಿನ ಮೆದುಳಿನ ಭಾಗವನ್ನು ಗಡ್ಡೆ ಒತ್ತಿದರೆ ಕೈಕಾಲು ಸೋಲುವ ಮೊದಲೇ ನಡತೆ ಬದಲಾಗಬಹುದು. ಹೊರಗಿನಿಂದ ನೋಡಿದವರಿಗೆ ಅದು ಹುಚ್ಚಿನಂತೆಯೇ ಕಾಣುತ್ತದೆ.

ಒಳಗಿರುವುದನ್ನು ಕಾಣುವುದೇ ವೈದ್ಯರಿಗೂ ಬಹುಕಾಲ ದೊಡ್ಡ ಕಷ್ಟವಾಗಿತ್ತು. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಒಬ್ಬ ಯುವಕನ ಮೆದುಳಿನಿಂದ ಗಡ್ಡೆ ತೆಗೆದರು. ಅದು ಎಲ್ಲಿದೆಯೆಂದು ವೈದ್ಯ ಹ್ಯೂಸ್ ಬೆನೆಟ್ ಹೇಳಿದ್ದು ಫಿಟ್ಸ್ ಮತ್ತು ಕೈಯ ನಿಶ್ಶಕ್ತಿಯನ್ನು ನೋಡಿಯೇ. ಜಾಗ ಸರಿಯಾಗಿತ್ತು, ಆದರೆ ಸೋಂಕು ತಗುಲಿ ರೋಗಿ ಸುಮಾರು ಒಂದು ತಿಂಗಳಲ್ಲಿ ತೀರಿಕೊಂಡ. ಎಕ್ಸ್‌-ರೇ ಬಂದ ಮೇಲೂ ಅದರಲ್ಲಿ ತಲೆಬುರುಡೆ ಕಾಣುತ್ತಿತ್ತು, ಮೆದುಳು ಕಾಣುತ್ತಿರಲಿಲ್ಲ. 1918ರಲ್ಲಿ ವಾಲ್ಟರ್ ಡ್ಯಾಂಡಿ ಮೆದುಳಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್‌-ರೇ ತೆಗೆದರು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ರಕ್ತನಾಳಗಳಿಗೆ ದ್ರವ ಚುಚ್ಚಿ ಅವುಗಳ ಚಿತ್ರ ಪಡೆದರು. ಎರಡೂ ರೋಗಿಗೆ ಯಾತನೆಯ, ಅಪಾಯದ ಪರೀಕ್ಷೆಗಳು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮಹಿಳೆಯೊಬ್ಬರ ತಲೆಯ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ಆ ಚಿತ್ರದಲ್ಲಿ ಕಂಡದ್ದು ಹಣೆಯ ಹಿಂದಿನ ಭಾಗದ ಗಡ್ಡೆಯೇ. ಆಮೇಲೆ ಎಂ.ಆರ್.ಐ. ಬಂತು.

ಕಂಡ ಮೇಲೆ ಏನು ಮಾಡಬೇಕೆಂಬುದು ಗಡ್ಡೆಯ ಜಾತಿಯ ಮೇಲೆ ನಿಂತಿದೆ. ಮೆದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮ ಬಹುಪಾಲು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸಿ ನೋಡುತ್ತಿದ್ದರೆ ಸಾಕಾಗಬಹುದು, ದೊಡ್ಡದಾದರೆ ಆಪರೇಷನ್. ಪೂರ್ತಿ ತೆಗೆಯಲು ಸಾಧ್ಯವಾದರೆ ಹಲವರಿಗೆ ಅಲ್ಲಿಗೇ ಗುಣ. ಗ್ಲಿಯೋಬ್ಲಾಸ್ಟೋಮ ಹಾಗಲ್ಲ. ಅದು ಮೆದುಳಿನೊಳಗೇ ಬೇರು ಬಿಡುವುದರಿಂದ ಪೂರ್ತಿ ತೆಗೆಯಲಾಗದು. ಆಪರೇಷನ್ ಆದ ಮೇಲೆ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ ಕೊಡುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾತ್ರೆಯಿಂದ ರೋಗಿಗಳ ಮಧ್ಯಕ ಆಯಸ್ಸು 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಎರಡೂವರೆ ತಿಂಗಳು ಸಣ್ಣ ಲೆಕ್ಕ, ಮನೆಯವರಿಗೆ ಸಣ್ಣದಲ್ಲ. ಆದ್ದರಿಂದ ‘ಮೆದುಳಲ್ಲಿ ಗಡ್ಡೆ’ ಎಂದ ಕೂಡಲೇ ಆಸೆ ಬಿಡುವುದೂ ತಪ್ಪು, ಎಲ್ಲಕ್ಕೂ ಒಂದೇ ಭರವಸೆ ಕೊಡುವುದೂ ತಪ್ಪು.

ದೊಡ್ಡಮ್ಮನದು ಮೆನಿಂಜಿಯೋಮ, ವಾಸನೆಯ ನರದ ಪಕ್ಕದಲ್ಲೇ ಬೆಳೆದದ್ದು. ಆಪರೇಷನ್ ಆಗಿ ಕೆಲವು ತಿಂಗಳಲ್ಲಿ ಅವರ ಹಳೆಯ ಸ್ವಭಾವ ಮರಳಿತು. ವಾಸನೆ ಮರಳಲಿಲ್ಲ, ಒಂದು ಕಣ್ಣೂ ಮಂಜಾಗಿ ಉಳಿಯಿತು. ದೊಡ್ಡಪ್ಪ ಈಗಲೂ ಆ ಮೂರು ವಾರಕ್ಕೆ ಕೊರಗುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಹೂವಿಗೆ ವಾಸನೆಯಿಲ್ಲ ಎಂದ ಮೇಲೆ ಕಳೆದುಹೋದ ಒಂದು ವರ್ಷ. ದೊಡ್ಡವರಾದ ಮೇಲೆ ಮೊದಲ ಸಲ ಬರುವ ಫಿಟ್ಸ್, ಬೆಳಗಿನ ಹೊತ್ತು ವಾಂತಿಯೊಡನೆ ಹೆಚ್ಚುವ ತಲೆನೋವು, ಕುಂದುವ ದೃಷ್ಟಿ ಅಥವಾ ವಾಸನೆ, ಕಾರಣವಿಲ್ಲದೆ ಬದಲಾಗುವ ಸ್ವಭಾವ: ಇವೆಲ್ಲ ಗಡ್ಡೆಯೇ ಆಗಿರಬೇಕೆಂದಿಲ್ಲ, ಆದರೆ ವೈದ್ಯರಿಗೆ ತೋರಿಸಲೇಬೇಕು.

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ. ಅದು ಹುಚ್ಚಾಸ್ಪತ್ರೆಯಾಗಿತ್ತು. ಮನಸ್ಸು ಕೆಟ್ಟಿದೆ ಎಂದು ಕರೆತಂದವರ ಮೆದುಳನ್ನೂ ನೋಡಬೇಕೆಂದು ಅದೇ ಆವರಣದಲ್ಲಿ ಕೆಲವರಿಗೆ ಅನ್ನಿಸಿದ್ದರಿಂದಲೇ ದೊಡ್ಡಮ್ಮ ಮನೆಗೆ ಮರಳಿದರು.