ಕಾರ್ಯಾಂಗ ನಿಯಂತ್ರಣ: ನ್ಯಾಯಾಲಯವೂ ಲೋಕಸೇವಾ ಸಂಸ್ಥೆಗಳೂ

ಕಾರ್ಯಾಂಗವು ಶಾಸನದ ಎಲ್ಲೆಯನ್ನು ಮೀರಿದಾಗ, ಬಾಧಿತ ವ್ಯಕ್ತಿಯಷ್ಟೇ ಅಲ್ಲದೆ ಸಾರ್ವಜನಿಕ ಹಿತವನ್ನೇ ಉದ್ದೇಶವಾಗಿ ಉಳ್ಳ ಸಂಸ್ಥೆಯೂ ಸಂವಿಧಾನದ 226ನೆಯ ವಿಧಿಯ ಮೇರೆಗೆ ಉಚ್ಚ ನ್ಯಾಯಾಲಯವನ್ನು ಆಶ್ರಯಿಸುವ ಕ್ರಮವುಂಟು. ಕರ್ನಾಟಕದಲ್ಲಿ ಇದರ ಉಜ್ಜ್ವಲ ನಿದರ್ಶನ ಭ್ರಷ್ಟಾಚಾರ ನಿಗ್ರಹ ದಳದ ರದ್ದತಿ. 1984ರ ಶಾಸನದಿಂದ ಜನಿಸಿದ ಲೋಕಾಯುಕ್ತದ ಪೊಲೀಸರ ತನಿಖಾಧಿಕಾರವನ್ನು ಕಸಿದು, ಸರ್ಕಾರವು 2016ರ ಮಾರ್ಚ್ 14ರಂದು ಕೇವಲ ಆದೇಶಮಾತ್ರದಿಂದ, ಮುಖ್ಯಮಂತ್ರಿಯ ಅಧೀನದಲ್ಲಿಯೇ ಈ ದಳವನ್ನು ಸ್ಥಾಪಿಸಲು, ಬೆಂಗಳೂರು ವಕೀಲರ ಸಂಘವೂ ಸಮಾಜ ಪರಿವರ್ತನ ಸಮುದಾಯವೆಂಬ ಲೋಕಸೇವಾ ಸಂಸ್ಥೆಯೂ ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದುವು. ತನಿಖೆಗೆ ಒಳಗಾಗಬೇಕಾದವರ ಕೈಯಲ್ಲಿಯೇ ತನಿಖೆಯ ಸೂತ್ರವಿರುವುದು ನ್ಯಾಯಬುದ್ಧಿಗೆ ಸಹ್ಯವಾದುದಲ್ಲವಷ್ಟೆ. 2022ರ ಆಗಸ್ಟ್ 11ರಂದು ವಿಭಾಗೀಯ ಪೀಠವು ಆ ಆದೇಶವನ್ನು ರದ್ದುಗೊಳಿಸಿ, ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಗೆ ವರ್ಗಾಯಿಸಿತು.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ರೈತನಿಗೆ ಈ ತೀರ್ಪು ದೂರದ ರಾಜಧಾನಿಯ ವ್ಯವಹಾರವಲ್ಲ: ಪಹಣಿಗಾಗಿ ಲಂಚ ಕೇಳಿದರೆ ಅವನು ದೂರು ಕೊಡುವುದು ಈಗ ಮತ್ತೆ ಲೋಕಾಯುಕ್ತಕ್ಕೆ. ಅಶೋಕನ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ದೊರೆತ ಮಸ್ಕಿಯಲ್ಲಿ ಅರಸನು ಪ್ರಜೆಗಳಿಗೆ ನುಡಿದುದು ಬಂಡೆಯ ಮೇಲಿದೆ; ಪ್ರಜೆಯು ಆಳುವವರನ್ನು ಪ್ರಶ್ನಿಸುವ 226ನೆಯ ವಿಧಿಯ ರಿಟ್ ಅರ್ಜಿಗಾದರೋ 2008ರವರೆಗೆ ಬೆಂಗಳೂರಿಗೇ ಹೋಗಬೇಕಾಗಿದ್ದಿತು. ಆ ವರ್ಷ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಏರ್ಪಟ್ಟು, 2013ರಲ್ಲಿ ಕಾಯಂ ಆಯಿತು.