ಧ್ಯಾನಕುಟೀರ: ಸಿಂಗಟಗೆರೆ ಸೀಮೆಯಲ್ಲಿ ಅದರ ರಚನೆ

ಕೆಲವೇ ಜನ ಕೆಲವು ದಿನ ಮೌನದಲ್ಲಿದ್ದು ಧ್ಯಾನ ಮಾಡಲೆಂದು ಊರ ಹೊರಗೆ ಕಟ್ಟುವ ಸಣ್ಣ ವಸತಿ. ಕೂರಲು ಒಂದು ಪಡಸಾಲೆ, ಮಲಗಲು ಬಿಡಿ ಕೋಣೆಗಳು, ಅಡುಗೆಮನೆ, ನಡೆದಾಡಲು ಒಂದು ಹಾದಿ ಇದರ ಮುಖ್ಯ ಅಂಗಗಳು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಧ್ಯಾನದ ತಾಣವೆಂದರೆ ಜನ ಬೆಟ್ಟದ ಕಡೆಗೇ ಕೈತೋರಿಸುತ್ತಾರೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಗವಿಯಲ್ಲಿ ಮುಳ್ಳಪ್ಪಸ್ವಾಮಿ ತಪಸ್ಸು ಮಾಡಿದನೆಂಬ ಪ್ರತೀತಿ ಇದಕ್ಕೆ ಒಂದು ಕಾರಣ. ಕಾಫಿತೋಟದ ರೆಸಾರ್ಟುಗಳು ಇನ್ನೊಂದು. ಅದೇ ಜಿಲ್ಲೆಯ ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಿಂಗಟಗೆರೆ ಬಯಲುಸೀಮೆಗೆ ಸೇರಿದ್ದು. ಇಲ್ಲಿ ತೆಂಗು, ರಾಗಿಹೊಲ, ಕುರುಚಲು, ಬಿರುಗಾಳಿ, ಎತ್ತ ನೋಡಿದರೂ ಆಕಾಶ. ಮಲೆನಾಡಿನ ನಕ್ಷೆಯನ್ನು ತಂದು ಇಲ್ಲಿ ಊರಿದರೆ ಕಟ್ಟಡವೂ ಕೆಡುತ್ತದೆ, ಧ್ಯಾನವೂ ಕೆಡುತ್ತದೆ.

ಇಂಥ ವಸತಿಯ ಅಳತೆಯನ್ನು ಹಳಬರು ಯೋಚಿಸಿಯೇ ಹೇಳಿದ್ದಾರೆ. ಬೌದ್ಧರ ವಿನಯಪಿಟಕದ ಪ್ರಕಾರ ದಾನಿಯ ನೆರವಿಲ್ಲದೆ ಭಿಕ್ಷು ತನಗಾಗಿ ಕಟ್ಟಿಕೊಳ್ಳುವ ಕುಟಿ, ಬುದ್ಧನ ಗೇಣಿನ ಲೆಕ್ಕದಲ್ಲಿ, 12 ಗೇಣು ಉದ್ದ ಮತ್ತು 7 ಗೇಣು ಅಗಲವನ್ನು ಮೀರುವಂತಿಲ್ಲ. ಜೀವಜಂತುಗಳ ನೆಲೆ ಹಾಳಾಗದ ಜಾಗವಾಗಬೇಕು, ಸುತ್ತ ಎತ್ತಿನ ಗಾಡಿ ತಿರುಗುವಷ್ಟು ತೆರಪು ಇರಬೇಕು, ಉಳಿದ ಭಿಕ್ಷುಗಳು ಬಂದು ಜಾಗ ನೋಡಿ ಒಪ್ಪಬೇಕು. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯೂ ಸಣ್ಣ ಮಠವನ್ನೇ ಹೇಳುತ್ತದೆ: ಚಿಕ್ಕ ಬಾಗಿಲು, ಬಿಲ ಬಿರುಕುಗಳಿಲ್ಲದ ಗೋಡೆ, ಸಗಣಿ ಸಾರಿಸಿದ ನೆಲ, ಹೊರಗೆ ಮಂಟಪ, ಜಗಲಿ, ಬಾವಿ, ಸುತ್ತ ಪ್ರಾಕಾರ. ಹಾವು ಚೇಳು ಓಡಾಡುವ ಕಡೂರಿನ ನೆಲದಲ್ಲಿ ಬಿಲದ ಮಾತನ್ನು ಹಳೆಯ ಶಾಸ್ತ್ರವೆಂದು ತಳ್ಳಿಹಾಕುವಂತಿಲ್ಲ.

ಈ ಸೀಮೆಯಲ್ಲಿ ರಚನೆಯನ್ನು ನಿರ್ಧರಿಸುವುದು ನೀರು. ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. 150 ಚದರ ಮೀಟರ್ ಚಾವಣಿಯಿಂದ 90,000 ಲೀಟರ್ ಬರಬೇಕು. ಆವಿಯಾಗಿದ್ದು, ಮೊದಲ ಮಳೆಯ ಕೊಳೆಯೆಂದು ಹೊರಬಿಟ್ಟಿದ್ದು ಕಳೆದರೆ ಕೈಗೆ ಸಿಗುವುದು ಸುಮಾರು 72,000. ಎಂಟು ಸಾಧಕರು, ಅಡುಗೆಯವರು ಇಬ್ಬರು, ತಲೆಗೆ ದಿನಕ್ಕೆ 70 ಲೀಟರ್ ಎಂದಿಟ್ಟುಕೊಂಡರೆ ಈ ನೀರು ನೂರು ದಿನಕ್ಕೆ ಸಾಕು. ಸತ್ಯನಾರಾಯಣ ಗೋಯೆಂಕಾ 1969ರಿಂದ ಭಾರತದಲ್ಲಿ ಕಲಿಸಿದ ವಿಪಶ್ಯನ ಧ್ಯಾನದಲ್ಲಿ ಹೊಸಬರ ಶಿಬಿರಕ್ಕೆ ಹತ್ತು ದಿನ. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲೂ ಅದೇ ಕ್ರಮ. ಅಂದರೆ ಚಾವಣಿಯ ನೀರನ್ನೇ ನಂಬಿದರೆ ವರ್ಷಕ್ಕೆ ಹತ್ತು ಶಿಬಿರ ನಡೆಯಬಹುದು, ಹನ್ನೊಂದನೆಯದು ಇಲ್ಲ. ಕೊಳವೆಬಾವಿ ಕೊರೆಸಿ ಈ ಮಿತಿಯನ್ನು ದಾಟುವವರಿದ್ದಾರೆ. ತೆಂಗಿನ ತೋಟಗಳೇ ಬೋರ್‌ವೆಲ್ ನಂಬಿ ಸೊರಗಿರುವ ತಾಲ್ಲೂಕಿನಲ್ಲಿ ಅದು ನೆರೆಯವನ ಪಾಲಿಗೆ ಕೈಹಾಕಿದಂತೆ. ಶಕುನಗಿರಿಯ ತಪ್ಪಲಿನ ಅಯ್ಯನಕೆರೆಯನ್ನೂ ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆಯನ್ನೂ ಕಟ್ಟಿದ ಸೀಮೆ ಇದು. ಮಳೆನೀರನ್ನು ಹಿಡಿದಿಡುವುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಿಸಿಲಿನ ಲೆಕ್ಕ ಬೇರೆ. ಈ ಪ್ರದೇಶ 13.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಇವೆರಡರ ನಡುವಣ ದಿನಗಳಲ್ಲಿ ಮಧ್ಯಾಹ್ನದ ಬಿಸಿಲು ಉತ್ತರದಿಂದ ಬೀಳುತ್ತದೆ. ಉತ್ತರದ ಗೋಡೆಗೆ ಸಜ್ಜೆ ಬೇಡವೆಂಬ ಪುಸ್ತಕದ ಸಲಹೆ ಇಲ್ಲಿ ನಡೆಯದು. ಪಡಸಾಲೆಯನ್ನು ಪೂರ್ವ–ಪಶ್ಚಿಮ ಉದ್ದಕ್ಕೆ ಚಾಚಿ, ಪಶ್ಚಿಮದ ಗೋಡೆಗೆ ಕಿಟಕಿ ಇಡದೆ, ಉಗ್ರಾಣ ಮತ್ತು ಸ್ನಾನದ ಮನೆಗಳನ್ನು ಆ ಬದಿಗೆ ಒತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದೂ ಪಶ್ಚಿಮ–ನೈಋತ್ಯದಿಂದಲೇ. ಗೋಡೆಗೆ ಸ್ಥಳದ ಕೆಂಪು ಮಣ್ಣೇ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡ ಬೆಳೆಸಿದ ವಿಧಾನದಲ್ಲಿ, ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಸುಡುವ ಅಗತ್ಯವಿಲ್ಲ. ಚಾವಣಿಗೆ ತಗಡು ಮಾತ್ರ ಕೂಡದು. ಬೇಸಗೆಯಲ್ಲಿ ಕಾಯುತ್ತದೆ, ಮಳೆ ಬಂದರೆ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಹೆಂಚು ಮೇಲು.

ಕೂರಲು ತಲೆಗೆ ಮೂರಡಿ ಚೌಕ, ನಡುವೆ ದಾರಿ; ಎಂಟು ಜನಕ್ಕೆ 200 ಚದರ ಅಡಿ ಧಾರಾಳ. ಇದಕ್ಕಿಂತ ದೊಡ್ಡದನ್ನು ಕಟ್ಟಿದವರು ಆಮೇಲೆ ಮದುವೆಗೂ ಬಾಡಿಗೆ ಕೊಡುತ್ತಾರೆ. ನಡಿಗೆಯ ಧ್ಯಾನದ ಹಾದಿ ಇಪ್ಪತ್ತೈದು ಮೂವತ್ತು ಹೆಜ್ಜೆಯಷ್ಟು ನೇರವಾಗಿದ್ದು, ಹೊಂಗೆ ಅಥವಾ ಬೇವಿನ ನೆರಳಲ್ಲಿರಬೇಕು. ತೆಂಗಿನ ಸಾಲಿನ ಕೆಳಗೆ ಬೇಡ: ನಡೆಯುವವರ ತಲೆಗೆ ಕಾಯಿ, ಗರಿ ಯಾವಾಗ ಬೀಳುವುದೋ ಹೇಳಲಾಗದು. ಬೆಳಗಿನ ನಾಲ್ಕಕ್ಕೆ ಏಳುವ ಪದ್ಧತಿಯಿರುವುದರಿಂದ ಕೋಣೆಯಿಂದ ಪಡಸಾಲೆಗೆ ಹೋಗುವ ಹಾದಿಗೆ ಮೊಣಕಾಲೆತ್ತರದ ಮಂದ ದೀಪ ಬೇಕು.

ಬಯಲಿನಲ್ಲಿ ಸದ್ದು ದೂರ ಹರಿಯುತ್ತದೆ. ಪಂಪಿನ ಮೋಟಾರು, ಟ್ರ್ಯಾಕ್ಟರು, ಜಾತ್ರೆಯ ಧ್ವನಿವರ್ಧಕ ಇವನ್ನೆಲ್ಲ ಮರಗಳ ಸಾಲು ಅಷ್ಟಾಗಿ ತಡೆಯದು. ಸದ್ದಿನ ನೇರ ದಾರಿಗೆ ಅಡ್ಡಲಾಗುವ ಮಣ್ಣಿನ ಏರಿ ತಡೆಯುತ್ತದೆ. ಜಾತ್ರೆಯನ್ನಂತೂ ತಡೆಯಬಾರದು, ಆ ವಾರ ಶಿಬಿರ ಇಟ್ಟುಕೊಳ್ಳದಿದ್ದರೆ ಆಯಿತು.

ಜಾಗದ ಆಯ್ಕೆಯಲ್ಲಿ ಕಾನೂನೂ ಇದೆ. ಕೃಷಿಭೂಮಿಯಲ್ಲಿ ಇಂಥ ವಸತಿ ಕಟ್ಟಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಬೇಕು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾದ ಕಾವಲುಗಳು ಕಡೂರು, ಬೀರೂರು, ಅಜ್ಜಂಪುರದ ಸುತ್ತ ಹರಡಿವೆ; ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನ ಕೇಂದ್ರ 1929ರಿಂದ ಇದೆ. ಈ ಹುಲ್ಲುಗಾವಲುಗಳು ನೋಡಲು ಖಾಲಿ ಜಾಗ, ನಿಜದಲ್ಲಿ ಹಾಗಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಕಾವಲಿನ ಅಂಚಿಗೆ ಬೇಲಿ, ದೀಪ, ವಾಹನ ತರುವ ಕುಟೀರ ಎಷ್ಟೇ ಚೆಂದವಾಗಿದ್ದರೂ ತಪ್ಪು ಜಾಗದ ಕಟ್ಟಡ. ಪಾಳುಬಿದ್ದ ಹೊಲವೋ ಸೊರಗಿದ ತೋಟವೋ ಅದಕ್ಕೆ ತಕ್ಕ ನೆಲ.