ಪೆಟ್ಟಿಗೆಯೊಳಗಿನ ಬಿಸಿ, ಮನೆಯೊಳಗಿನ ಸದ್ದು

ಬಿಸಿ ಮತ್ತು ಸದ್ದು, ಕಂಪ್ಯೂಟರಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದ ಎರಡು ಪೀಡೆಗಳು. ಒಂದನ್ನು ಓಡಿಸಹೋದರೆ ಇನ್ನೊಂದು ಬಂದು ಕೂರುತ್ತದೆ. ಬಿಸಿ ಹೊರಹೋಗಲು ಫ್ಯಾನ್ ಬೇಕು. ಫ್ಯಾನ್ ತಿರುಗಿದರೆ ಸದ್ದು. ಮದುವೆಯ ವಿಡಿಯೊ, ಮಕ್ಕಳ ಫೋಟೊ, ಮನೆಯ ಕಾಗದಪತ್ರಗಳನ್ನೆಲ್ಲ ನಾಲ್ಕಾರು ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಿ, ಹಗಲಿರುಳೂ ಚಾಲೂ ಇರುವ ಸ್ಟೋರೇಜ್ ಸರ್ವರನ್ನು ಮನೆಯಲ್ಲೇ ಇಟ್ಟುಕೊಳ್ಳುವವರಿಗೆ ಈ ಹಳೆಯ ಜಗಳ ಮತ್ತೆ ಎದುರಾಗುತ್ತದೆ. ಅದಕ್ಕೆ ಎಂಥ ಪೆಟ್ಟಿಗೆ ಬೇಕು ಎಂಬ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ.

1946ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ಪರಿಚಯವಾದ 'ಎನಿಯಾಕ್' ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ ಸುಮಾರು 150 ಕಿಲೊವಾಟ್. 1956ರಲ್ಲಿ ಐಬಿಎಂ ಹೊರತಂದ 'ರಾಮ್ಯಾಕ್' ಯಂತ್ರದ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ತಿರುಗುತ್ತಿದ್ದವು. ಅವುಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂಥ ಯಂತ್ರಗಳಿಗೆ ಪ್ರತ್ಯೇಕ ಕೋಣೆಯೇ ಇರುತ್ತಿದ್ದುದರಿಂದ ಅವುಗಳ ಸದ್ದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

ತೊಂದರೆ ಶುರುವಾದದ್ದು ಕಂಪ್ಯೂಟರ್ ಮೇಜಿನ ಮೇಲೆ ಬಂದಾಗ. 1980ರ 'ಆಪಲ್ 3' ಯಂತ್ರದಲ್ಲಿ ಫ್ಯಾನ್ ಕೂಡದು ಎಂಬುದು ಸ್ಟೀವ್ ಜಾಬ್ಸ್ ಹಟವಾಗಿತ್ತು. ಕೆಲವು ಯಂತ್ರಗಳಲ್ಲಿ ಚಿಪ್‌ಗಳು ಕೂತ ಜಾಗದಲ್ಲೇ ಸಡಿಲಗೊಂಡವು. ಯಂತ್ರವನ್ನು ಎರಡು ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಕೈಬಿಡಿ ಎಂಬುದೇ ಆಗಿನ ಚಿಕಿತ್ಸೆ! ಬೇರೆ ದೋಷಗಳೂ ಇದ್ದವಾದರೂ ಅಪವಾದ ಮಾತ್ರ ಬಿಸಿಯ ತಲೆಗೇ ಕಟ್ಟಿತು. 1984ರ ಮೆಕಿಂತೋಷ್‌ಗೂ ಫ್ಯಾನ್ ಇರಲಿಲ್ಲ. 1987ರ 'ಎಸ್ಇ' ಮಾದರಿಗೆ ಅದನ್ನು ಸೇರಿಸಬೇಕಾಯಿತು.

1981ರ ಐಬಿಎಂ ಪಿಸಿ ಈ ಗೊಡವೆಗೆ ಹೋಗದೆ, ವಿದ್ಯುತ್ ಪೂರೈಸುವ ಡಬ್ಬಿಯಲ್ಲೇ ಫ್ಯಾನ್ ಕೂರಿಸಿತು. 1995ರಲ್ಲಿ ಇಂಟೆಲ್ ರೂಪಿಸಿದ 'ಎಟಿಎಕ್ಸ್' ಮಾನದಂಡದ ಮೊದಲ ಆವೃತ್ತಿಯಲ್ಲಿ ಆ ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ಊದುತ್ತಿತ್ತು. ಹೀಗೆ ಊದಿದ ಗಾಳಿ ಡಬ್ಬಿಯ ಬಿಸಿಯನ್ನೂ ಹೊತ್ತು ತರುತ್ತಿತ್ತು. ಮುಂದೆ ದಿಕ್ಕು ತಿರುಗಿತು: ತಂಪು ಗಾಳಿ ಮುಂಭಾಗದಿಂದ ಒಳಕ್ಕೆ, ಬಿಸಿ ಗಾಳಿ ಹಿಂಭಾಗದಿಂದ ಹೊರಕ್ಕೆ. ಇಂದಿನ ಹೆಚ್ಚಿನ ಪೆಟ್ಟಿಗೆಗಳು ಇದೇ ದಾರಿಯಲ್ಲಿವೆ. ಹಾರ್ಡ್ ಡಿಸ್ಕ್‌ಗಳನ್ನು ಮುಂದಿನ ಫ್ಯಾನಿನ ಬೆನ್ನಿಗೇ ಜೋಡಿಸುವುದೂ ಇದಕ್ಕಾಗಿಯೇ.

ಫ್ಯಾನಿನ ಲೆಕ್ಕಾಚಾರ ಸ್ವಾರಸ್ಯವಾದದ್ದು. ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ. ಸದ್ದು ಮಾತ್ರ ಸುಮಾರು 15 ಡೆಸಿಬಲ್‌ನಷ್ಟು ಕುಸಿಯುತ್ತದೆ. 80 ಮಿಲಿಮೀಟರ್ ಫ್ಯಾನಿಗಿಂತ 120 ಮಿಲಿಮೀಟರ್ ಫ್ಯಾನಿನ ವಿಸ್ತೀರ್ಣ ಎರಡೂಕಾಲು ಪಟ್ಟು. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಬೇಕಾದಷ್ಟು ಗಾಳಿ ಬರುತ್ತದೆ. ಸದ್ದಡಗಿಸಲು ಸುತ್ತಲೂ ದಪ್ಪ ಸ್ಪಂಜು ಹೊದಿಸಿ ಗಾಳಿಯ ದಾರಿಯನ್ನೇ ಮುಚ್ಚಿದರೆ ಒಳಗಿನ ಫ್ಯಾನ್ ಇನ್ನಷ್ಟು ಜೋರಾಗಿ ತಿರುಗಬೇಕಾಗುತ್ತದೆ.

ಡಿಸ್ಕಿನ ಸದ್ದು ಬೇರೆಯದೇ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ತಂಬೂರಿಯ ಬುರುಡೆ ತಂತಿಯ ನಾದವನ್ನು ಹಿಗ್ಗಿಸುವಂತೆ, ತೆಳು ತಗಡಿನ ಪೆಟ್ಟಿಗೆ ಈ ಕಂಪನವನ್ನು ಹಿಗ್ಗಿಸುತ್ತದೆ. ಸ್ಕ್ರೂ ಬಿಗಿಯುವ ಜಾಗಕ್ಕೆ ರಬ್ಬರ್ ಬಿಲ್ಲೆ ಕೊಟ್ಟರೆ ಗುಂಯ್‌ಗುಡುವುದು ತಗ್ಗುತ್ತದೆ. ಕಂಪನ ಡಿಸ್ಕಿಗೂ ಒಳ್ಳೆಯದಲ್ಲ. 2008ರ ಕೊನೆಗೆ ಸನ್ ಮೈಕ್ರೊಸಿಸ್ಟಮ್ಸ್‌ನ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನೆದುರು ಕಿರುಚಿ, ಅವುಗಳ ಕೆಲಸ ಆ ಗಳಿಗೆಯಲ್ಲೇ ನಿಧಾನಗೊಳ್ಳುವುದನ್ನು ತೋರಿಸಿದರು.

ಹಾಗಾದರೆ ಎಷ್ಟು ತಂಪು ಸಾಕು? ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹಳೆಯ ನಂಬಿಕೆಯೊಂದನ್ನು ಅಲುಗಾಡಿಸಿತು. ಸಾಧಾರಣ ಬಿಸಿಗೂ ಡಿಸ್ಕ್ ಕೆಡುವುದಕ್ಕೂ ನಿರೀಕ್ಷಿಸಿದಷ್ಟು ನಂಟು ಕಾಣಲಿಲ್ಲ. ಅಪಾಯ ಎದ್ದು ಕಂಡದ್ದು ಅತಿ ಬಿಸಿಯಲ್ಲಿ, ಅದರಲ್ಲೂ ವಯಸ್ಸಾದ ಡಿಸ್ಕ್‌ಗಳಲ್ಲಿ. ಆದ್ದರಿಂದ ಡಿಸ್ಕನ್ನು ಮಂಜುಗಡ್ಡೆ ಮಾಡಲು ಫ್ಯಾನನ್ನು ಅರಚಿಸಬೇಕಿಲ್ಲ.

ಆದರೂ ಒಂದು ಮಾತು ಮರೆಯುವಂತಿಲ್ಲ. ಫ್ಯಾನ್ ಗಾಳಿಯನ್ನು ಸಾಗಿಸುತ್ತದೆ, ತಂಪು ಮಾಡುವುದಿಲ್ಲ. ಕೋಣೆಗಿಂತ ಪೆಟ್ಟಿಗೆ ತಣ್ಣಗಿರಲಾರದು. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ, ಬಹುತೇಕ ಡಿಸ್ಕ್‌ಗಳಿಗೆ ತಯಾರಕರು ಹೇಳುವ 60 ಡಿಗ್ರಿಯ ಮಿತಿಗೆ ಉಳಿಯುವುದು ಅಲ್ಪ ಅಂತರ. ಧೂಳು ತಡೆಯುವ, ತೆಗೆದು ತೊಳೆಯಬಹುದಾದ ಜಾಲರಿ ಅಲ್ಲಿ ಅಂದಚಂದಕ್ಕಿಂತ ಮುಖ್ಯ. ಎಷ್ಟೇ ಒಳ್ಳೆಯ ಪೆಟ್ಟಿಗೆಯಾದರೂ ಡಿಸ್ಕಿನ ಆಯುಸ್ಸನ್ನು ಹೆಚ್ಚಿಸೀತೇ ಹೊರತು ಅಮರತ್ವ ಕೊಡದು. ಮದುವೆಯ ವಿಡಿಯೊದ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿದ್ದರೇ ಕ್ಷೇಮ.